ಡುವೆಟ್ಟೊ ಮಾರಾಟಕ್ಕಿದೆ, ಬಗ್ಗಿ ನೋಡಿ

‘1967ರ ಆಲ್ಫಾ ರೋಮಿಯೊ ಸ್ಪೈಡರ್. ಕೆಂಪು ಬಣ್ಣ, ಕಪ್ಪು ಸೀಟು. ಸುಸ್ಥಿತಿಯಲ್ಲಿದೆ.’ ಇಟಲಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಮಾರುವವರ ಜಾಹೀರಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮಾಡೆಲ್ಲು, ಇಸವಿಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಆದರೆ ಕೊನೆಯ ಆ ಒಂದು ಮಾತಿಗೆ ಸಾಕ್ಷಿ ಬೇಕು. ಬಾನೆಟ್ಟಿನ ಹೊಳಪಿನಲ್ಲಿ ಅದು ಸಿಗುವುದಿಲ್ಲ. ಬಾಗಿಲ ಕೆಳಗಿನ ತಗಡಿನಲ್ಲಿ, ಡಿಕ್ಕಿಯೊಳಗಿನ ಸ್ಟೆಪ್ನಿ ಗುಂಡಿಯಲ್ಲಿ, ಮಿಲಾನ್ ಪಕ್ಕದ ಅರೇಸೆ ಎಂಬ ಊರಿನ ದಾಖಲೆ ಕೋಣೆಯಲ್ಲಿ ಹುಡುಕಬೇಕು.

ಈ ಕಾರು ಮೊದಲು ಜನರ ಕಣ್ಣಿಗೆ ಬಿದ್ದದ್ದು 1966ರ ಮಾರ್ಚ್‌ನಲ್ಲಿ, ಜಿನೀವಾ ಮೋಟಾರು ಪ್ರದರ್ಶನದಲ್ಲಿ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮಿಲಾನಿನ ಆಲ್ಫಾ ರೋಮಿಯೊದವು. ಬಾಡಿ ಟುರಿನ್ನಿನ ಪಿನಿನ್‌ಫರೀನಾ ಸಂಸ್ಥೆಯದು. ಆ ಸಂಸ್ಥೆ ಕಟ್ಟಿದ ಬತ್ತಿಸ್ತಾ ಫರೀನಾ ಅವರನ್ನು ಮನೆಯವರು ‘ಪಿನಿನ್’ ಎಂದು ಕರೆಯುತ್ತಿದ್ದರು. ಮುದ್ದಿನ ಹೆಸರೇ ಊರೆಲ್ಲ ಹಬ್ಬಿ, 1961ರಲ್ಲಿ ಇಟಲಿಯ ರಾಷ್ಟ್ರಾಧ್ಯಕ್ಷರ ಆದೇಶದ ಮೇರೆಗೆ ಮನೆತನದ ಹೆಸರು ಅಧಿಕೃತವಾಗಿ ಪಿನಿನ್‌ಫರೀನಾ ಆಯಿತು. ಜಿನೀವಾ ಪ್ರದರ್ಶನವಾಗಿ ತಿಂಗಳು ತುಂಬುವುದರೊಳಗೆ, ಏಪ್ರಿಲ್ 3ರಂದು, ಅವರು ತೀರಿಕೊಂಡರು. ಅವರ ಕಣ್ಣೆದುರು ರೂಪ ತಳೆದ ಕೊನೆಯ ಕಾರುಗಳಲ್ಲಿ ಇದೊಂದು ಎಂಬುದು ಕೊಳ್ಳುವವರ ಆಸೆಗೆ ಇಂದಿಗೂ ತುಪ್ಪ ಸುರಿಯುವ ಸಂಗತಿ.

ಕಾರಿಗೆ ಹೆಸರಿಡಲು ಕಂಪನಿ ಸ್ಪರ್ಧೆ ಏರ್ಪಡಿಸಿತು. ಲಕ್ಷಕ್ಕೂ ಹೆಚ್ಚು ಸಲಹೆಗಳು ಬಂದವು. ಗೆದ್ದದ್ದು ‘ಡುವೆಟ್ಟೊ’; ಇಬ್ಬರೇ ಕೂರುವ ಕಾರಿಗೆ ಯುಗಳಗೀತೆಯ ಹೆಸರು. ಆದರೆ ಅದೇ ಹೆಸರಿನ ತಿಂಡಿಯೊಂದು ಆಗಲೇ ಅಂಗಡಿಗಳಲ್ಲಿದ್ದುದರಿಂದ ತಕರಾರು ಎದ್ದಿತು. ಕಂಪನಿ ‘ಸ್ಪೈಡರ್ 1600’ ಎಂದು ಬರೆದುಕೊಂಡಿತು, ಜನ ಮಾತ್ರ ಡುವೆಟ್ಟೊ ಎನ್ನುವುದನ್ನು ಬಿಡಲಿಲ್ಲ. ಇಟಲಿಯವರು ಇಟ್ಟ ಅಡ್ಡಹೆಸರು ಇನ್ನೂ ಚೆನ್ನಾಗಿದೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಮುದ್ರನೊರೆ ಎಂದು ಮಾರುತ್ತಾರಲ್ಲ, ಆ ಕಡಲಜೀವಿಯ ಬಿಳಿ ಎಲುಬು, ಅದೇ ಈ ಕಾರಿನ ಅಡ್ಡಹೆಸರು. ಎರಡೂ ತುದಿ ಸಣ್ಣಗೆ ಇಳಿದು ನಡು ಉಬ್ಬಿದ ಆ ಆಕಾರ ಕಣ್ಣ ಮುಂದೆ ತಂದುಕೊಂಡರೆ ಕಾರು ನೋಡಿದಂತೆಯೇ. 1967ರ ‘ದಿ ಗ್ರಾಜುಯೇಟ್’ ಸಿನಿಮಾದಲ್ಲಿ ಡಸ್ಟಿನ್ ಹಾಫ್‌ಮನ್ ಓಡಿಸಿದ್ದು ಇದನ್ನೇ. ಕ್ಲೈಮ್ಯಾಕ್ಸಿಗೆ ಮುಂಚೆ ಪೆಟ್ರೋಲು ಮುಗಿದು ಕಾರು ನಿಲ್ಲುತ್ತದೆ. ತಪ್ಪು ಟ್ಯಾಂಕ್ ತುಂಬಿಸದ ಹುಡುಗನದು, ಕಾರಿನದಲ್ಲ.

ಅಂದಗಾತಿ ಕಾರುಗಳು ಬೇಕಾದಷ್ಟಿವೆ. ಇದರ ಹೆಚ್ಚುಗಾರಿಕೆ ಒಳಗಿದೆ. 1570 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್. ಬ್ಲಾಕು, ಹೆಡ್ಡು ಎರಡೂ ಅಲ್ಯುಮಿನಿಯಂ, ಲೈನರ್ ಮಾತ್ರ ಎರಕದ ಕಬ್ಬಿಣ. ಹೆಡ್ಡಿನ ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವನ್ನು ತಿರುಗಿಸಲು ಚೈನು, ಪಕ್ಕದಲ್ಲಿ ಎರಡು ವೆಬರ್ ಕಾರ್ಬ್ಯುರೇಟರ್. ಸುಮಾರು 109 ಅಶ್ವಶಕ್ತಿ. ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಕಾರಿನ ತೂಕ ಒಂದು ಟನ್ನಿನೊಳಗೆ; ವೇಗ ಗಂಟೆಗೆ 180 ಕಿಲೋಮೀಟರ್ ದಾಟುತ್ತದೆ. ಆ ಕಾಲಕ್ಕೆ ನಮ್ಮ ರಸ್ತೆಗಳಲ್ಲಿದ್ದ ಇಟಲಿ ಮೂಲದ ಕಾರೆಂದರೆ ಮುಂಬೈಯಲ್ಲಿ ತಯಾರಾಗುತ್ತಿದ್ದ ಫಿಯಟ್ 1100. ಅದಕ್ಕೆ ನಾಲ್ಕೇ ಗೇರು, ನಾಲ್ಕೂ ಕಡೆ ಡ್ರಮ್ ಬ್ರೇಕು. ಮುಂದೆ ಪದ್ಮಿನಿ ಎನಿಸಿಕೊಂಡ ಆ ಕಾರಿನ ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಿದ ನಮ್ಮ ಮೇಸ್ತ್ರಿಗಳಿಗೆ ಡುವೆಟ್ಟೊದ ಬಾನೆಟ್ ಎತ್ತಿದರೆ ಅಪರಿಚಿತ ಲೋಕವೇನೂ ಕಾಣಿಸದು. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ.

ಇನ್ನು ಪರೀಕ್ಷೆಗೆ ಬರೋಣ. ಛಾವಣಿಯಿಲ್ಲದ ಕಾರಿಗೆ ಬಲ ಕೊಡುವುದು ಬಾಗಿಲ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಂಥ ತಗಡಿನ ಭಾಗ. ಅದು ಒಂದೇ ಪದರವಲ್ಲ. ಹೊರಗೊಂದು, ನಡುವೊಂದು, ಒಳಗೊಂದು. ಮಡಚುವ ಬಟ್ಟೆಯ ಟಾಪಿನಿಂದ ಇಳಿಯುವ ಮಳೆನೀರಿಗೆ ಹಿಂದೆ ಸಣ್ಣ ದಾರಿಗಳಿವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಒಳಗೇ ನಿಂತು ನಡುವಿನ ಪದರವನ್ನು ತಿನ್ನುತ್ತದೆ. ಹೊರಗಿನ ತಗಡು ಬದಲಿಸಿ ಪೇಂಟ್ ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಇದಕ್ಕೆ ಹಳಬರ ಬಳಿ ಸುಲಭದ ಉಪಾಯವಿದೆ. ಬಾಗಿಲು ಹಾಕಿ, ಬಾಗಿಲಿಗೂ ಹಿಂದಿನ ಫೆಂಡರಿಗೂ ನಡುವಿನ ಸಂದನ್ನು ಬೆರಳಿಂದ ಅಳೆದುಕೊಳ್ಳಿ. ಆಮೇಲೆ ಬದಿಗೆ ಜಾಕ್ ಕೊಟ್ಟು ಎತ್ತಿ, ಮತ್ತೆ ಬಾಗಿಲು ತೆಗೆದು ಹಾಕಿ ನೋಡಿ. ಸಂದು ಕಿರಿದಾಗಿದ್ದರೆ, ಬಾಗಿಲು ಸಿಕ್ಕಿಕೊಂಡರೆ, ಬೆನ್ನು ಬಿದ್ದಿದೆ ಎಂದೇ ಅರ್ಥ. ಜಾಕ್ ಕೊಟ್ಟ ಜಾಗವೇ ಕುಸಿದರೆ ಮುಂದೆ ಮಾತು ಬೇಡ, ಚಹಾ ಕುಡಿದು ಎದ್ದು ಬನ್ನಿ.

ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೊಂದು ಜೇಬಿನಲ್ಲಿರಲಿ. ಬಾಡಿ ಉಕ್ಕಿನದು. ಅಯಸ್ಕಾಂತ ಹಿಡಿಯದ ಕಡೆ ಪೇಂಟಿನ ಕೆಳಗೆ ಪುಟ್ಟಿ ತುಂಬಿದೆ ಎಂದು ತಿಳಿಯಿರಿ. ಮೊದಲು ಮೂತಿಯ ಕೆಳಭಾಗಕ್ಕೆ ಹಿಡಿಯಿರಿ. ಅಲ್ಲಿ ಬಂಪರ್ ತೀರಾ ಸಪೂರ, ಪಾರ್ಕಿಂಗಿನಲ್ಲಿ ತಿಂದ ಪೆಟ್ಟೆಲ್ಲ ತಗಡಿಗೇ. ನಂತರ ಚಕ್ರದ ಮೇಲಿನ ಕಮಾನುಗಳು, ಕಾಲಿಡುವ ನೆಲ, ಕೊನೆಗೆ ಡಿಕ್ಕಿ. ಸ್ಟೆಪ್ನಿ ಎತ್ತಿಸಿ, ಗುಂಡಿಯ ತಳಕ್ಕೆ ಟಾರ್ಚು ಬಿಡಿ. ಮಾರುವವರು ‘ಅದೊಂದು ಭಾರ, ಯಾಕೆ ಬಿಡಿ’ ಎಂದರೆ ತಪ್ಪದೆ ಎತ್ತಿಸಬೇಕು.

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆಯೇ ಎಂಬುದು ಬಾನೆಟ್ ಮೇಲೆ ಅಂಗೈ ಇಟ್ಟರೆ ತಿಳಿಯುತ್ತದೆ. ಆಯಿಲ್ ಮುಚ್ಚಳ ತಿರುಗಿಸಿ ಒಳಮೈ ನೋಡಿ. ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಅಂಟಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಈ ಎಂಜಿನ್ನಿನ ಹಳೆಯ ದೌರ್ಬಲ್ಯ. ಗೇರ್‌ಬಾಕ್ಸಿನದು ಎರಡನೇ ಗೇರು. ಬೆಳಗಿನ ಚಳಿಯಲ್ಲಿ ಮೂರರಿಂದ ಎರಡಕ್ಕೆ ಇಳಿಸಿದರೆ ಕರ್ ಎನ್ನುವುದು ಎಲ್ಲ ಆಲ್ಫಾಗಳ ಹುಟ್ಟುಗುಣ. ಅರ್ಧ ಗಂಟೆ ಓಡಿಸಿದ ಮೇಲೂ ಕರ್ ಎಂದರೆ ಬೆಲೆ ಇಳಿಸಿ ಕೇಳಿ. ಒಳ್ಳೆಯ ಮಾಲೀಕರು ಆಯಿಲ್ ಬಿಸಿಯಾಗುವ ತನಕ ಎಂಜಿನ್ನನ್ನು ಎಳೆಯುವುದಿಲ್ಲ. ಟೆಸ್ಟ್ ಡ್ರೈವಿನಲ್ಲಿ ಮೊದಲು ಅವರನ್ನೇ ಓಡಿಸಲು ಬಿಟ್ಟು ಪಕ್ಕದಲ್ಲಿ ಕೂತರೆ, ಇಷ್ಟು ವರ್ಷ ಕಾರು ಎಂಥವರ ಕೈಯಲ್ಲಿತ್ತೆಂದು ಮೊದಲ ಎರಡು ತಿರುವಿನಲ್ಲೇ ತಿಳಿದುಹೋಗುತ್ತದೆ.

ಕೂತಾಗ ಒಳಗೂ ಕಣ್ಣಾಡಿಸಿ. ಡುವೆಟ್ಟೊದ ಡ್ಯಾಶ್‌ಬೋರ್ಡು ಬರಿಯ ತಗಡು, ಬಾಡಿಯದೇ ಬಣ್ಣ. ಸಪೂರ ಅಂಚಿನ ಸ್ಟೀರಿಂಗ್ ಹಿಂದೆ ಎರಡು ದೊಡ್ಡ ಮೀಟರು, ನಡುವೆ ಮೂರು ಸಣ್ಣವು. ಗೇರ್ ಲಿವರ್ ನೆಲದಿಂದ ನೆಟ್ಟಗೆ ಏಳದೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಓರೆಯಾಗಿ ಕೈಯತ್ತ ಚಾಚಿರುತ್ತದೆ. ನೆಲಕ್ಕೆ ರಬ್ಬರ್ ಹಾಸು. ದಪ್ಪ ಕಾರ್ಪೆಟ್ ಹಾಸಿದ್ದರೆ ಅದರಡಿ ತೇವವಿದೆಯೇ ಎಂದು ಎತ್ತಿ ನೋಡುವುದು ಕ್ಷೇಮ. ಮೂತಿಯ ಮೇಲಿನ ಲಾಂಛನದಲ್ಲೂ ಒಂದು ಸುಳಿವಿದೆ. ಮಿಲಾನಿನ ಕೆಂಪು ಶಿಲುಬೆ, ಮನುಷ್ಯನನ್ನು ನುಂಗುತ್ತಿರುವ ಹಾವು, ಸುತ್ತ ಕಂಪನಿಯ ಹೆಸರು, ಕೆಳಗೆ ‘ಮಿಲಾನೊ’ ಎಂಬ ಅಕ್ಷರ. ನೇಪಲ್ಸ್ ಬಳಿ ಹೊಸ ಕಾರ್ಖಾನೆ ಬಂದ ಮೇಲೆ, 1970ರ ದಶಕದ ಆರಂಭದಲ್ಲಿ, ಲಾಂಛನದಿಂದ ಊರಿನ ಹೆಸರು ತೆಗೆದರು. 1967ರ ಕಾರಿನ ಮೂತಿಯಲ್ಲಿ ಮಿಲಾನೊ ಇಲ್ಲದಿದ್ದರೆ ಲಾಂಛನ ಬದಲಾಗಿದೆ. ಅದರ ಜೊತೆ ಮತ್ತೇನು ಬದಲಾಗಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಕಾಗದಪತ್ರದ ವಿಷಯದಲ್ಲಿ ಇಟಲಿಯವರು ಶಿಸ್ತಿನವರು. ಅರೇಸೆಯಲ್ಲಿ ಆಲ್ಫಾ ರೋಮಿಯೊದ ಚಾರಿತ್ರಿಕ ಮ್ಯೂಸಿಯಂ ಇದೆ, 2015ರಲ್ಲಿ ನವೀಕರಿಸಿ ಮತ್ತೆ ತೆರೆದರು. ಅಲ್ಲಿನ ದಾಖಲೆ ಕೇಂದ್ರಕ್ಕೆ ಚಾಸಿಸ್ ನಂಬರ್ ಕಳಿಸಿದರೆ ಆ ಕಾರು ಯಾವಾಗ ತಯಾರಾಯಿತು, ಯಾವ ಬಣ್ಣದಲ್ಲಿ ಹೊರಬಿತ್ತು ಎಂಬ ಪ್ರಮಾಣಪತ್ರ ಬರುತ್ತದೆ. ಹುಟ್ಟುವಾಗ ಬಿಳಿಯಾಗಿದ್ದದ್ದು ಕೊಳ್ಳುವವರ ಆಸೆಗೆ ತಕ್ಕಂತೆ ಕೆಂಪಾಗಿರುವುದು ಅಪರೂಪವಲ್ಲ. ಡುವೆಟ್ಟೊ ಹುಟ್ಟಿದ ವರ್ಷವೇ, 1966ರಲ್ಲಿ, ಸ್ಥಾಪನೆಯಾದ ಎ.ಎಸ್.ಐ. ಎಂಬ ರಾಷ್ಟ್ರೀಯ ಒಕ್ಕೂಟ ಹಳೆಯ ವಾಹನಗಳನ್ನು ಪರೀಕ್ಷಿಸಿ ಗುರುತುಪತ್ರ ಕೊಡುತ್ತದೆ. ಮೂವತ್ತು ವರ್ಷ ದಾಟಿದ ಖಾಸಗಿ ಕಾರಿಗೆ ಅಲ್ಲಿ ವಾರ್ಷಿಕ ವಾಹನ ತೆರಿಗೆಯಿಲ್ಲ. ಊರಿನ ಅಕ್ಷರವಿರುವ ಹಳೆಯ ಕಪ್ಪು ನಂಬರ್ ಪ್ಲೇಟ್ ಉಳಿದಿದ್ದರೆ ಬೆಲೆಯೂ ಒಂದು ತೂಕ ಹೆಚ್ಚು.

ಬಿಚ್ಚಿ ಹೊಸದಾಗಿ ಜೋಡಿಸಿ ಕನ್ನಡಿಯಂತೆ ಹೊಳೆಯಿಸಿದ ಕಾರೋ, ಬಣ್ಣ ಅಲ್ಲಲ್ಲಿ ಮಾಸಿದರೂ ಮೂಲ ತಗಡು ಉಳಿದಿರುವ ಕಾರೋ? ನನ್ನ ಮತ ಎರಡನೆಯದಕ್ಕೆ. ಹರಾಜುಕಟ್ಟೆಯೂ ಈಗ ಅತ್ತಲೇ ವಾಲಿದೆ. ಫ್ರಾನ್ಸಿನ ಒಂದು ಕೊಟ್ಟಿಗೆಯಲ್ಲಿ ಹಳೆಯ ಪತ್ರಿಕೆಗಳ ರಾಶಿಯಡಿ ಧೂಳು ತಿನ್ನುತ್ತಿದ್ದ ಫೆರಾರಿ 250 ಕ್ಯಾಲಿಫೋರ್ನಿಯಾ ಸ್ಪೈಡರ್, ಒರೆಸದೆ ಹಾಗೇ ತಂದಿಟ್ಟಾಗ, 2015ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ 1.6 ಕೋಟಿ ಯೂರೋ ಮೀರಿ ಮಾರಾಟವಾಯಿತು. ಹಾಗೆಂದು ನಿಲ್ಲಿಸಿಟ್ಟ ಕಾರು ಒಳ್ಳೆಯದೆಂದಲ್ಲ. ಓಡಿಸದ ಆಲ್ಫಾದ ಸೀಲುಗಳು ಒಣಗುತ್ತವೆ, ಬ್ರೇಕ್ ಕ್ಯಾಲಿಪರ್ ಕಚ್ಚಿಕೊಳ್ಳುತ್ತದೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆಯಿದೆ ಎಂದು ಹಿಗ್ಗುವುದಕ್ಕಿಂತ ವರ್ಷವರ್ಷದ ಸರ್ವಿಸ್ ರಸೀದಿಗಳನ್ನು ಕೇಳುವುದು ಜಾಣತನ.

ಸಮುದ್ರನೊರೆಯ ಆಕಾರದ 1600 ಕಾರುಗಳು ಸುಮಾರು 6,300 ಮಾತ್ರ. 1960ರ ದಶಕ ಮುಗಿಯುತ್ತಲೇ ಬಾಲ ಕತ್ತರಿಸಿದ ಹೊಸ ರೂಪ ಬಂತು. 1980ರ ದಶಕದಲ್ಲಿ ಹಿಂಬದಿಗೆ ರಬ್ಬರ್ ಸ್ಪಾಯ್ಲರ್ ಅಂಟಿತು, ಅದರ ಬಗ್ಗೆ ಹೇಳದಿರುವುದೇ ಮೇಲು. 1990ರ ದಶಕದ ಮೊದಲ ವರ್ಷಗಳವರೆಗೆ ಒಟ್ಟು 1.24 ಲಕ್ಷದಷ್ಟು ಸ್ಪೈಡರ್‌ಗಳು ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ. ಕಡಿಮೆ ದುಡ್ಡಿಗೆ ಅದೇ ಸುಖ ಬೇಕೆನ್ನುವವರಿಗೆ ಬಾಲ ಕತ್ತರಿಸಿದ 1970ರ ದಶಕದ ಕಾರುಗಳೇ ಸರಿ.

ಇಲ್ಲಿಗೆ ತರಿಸಬಹುದೇ? ಮೊದಲು 1950ಕ್ಕಿಂತ ಹಳೆಯ ಕಾರುಗಳಿಗಷ್ಟೇ ಇದ್ದ ಆಮದು ಅವಕಾಶವನ್ನು ಕೇಂದ್ರ ಸರ್ಕಾರ 2025ರಲ್ಲಿ ಐವತ್ತು ವರ್ಷ ದಾಟಿದವುಗಳಿಗೂ ವಿಸ್ತರಿಸಿದೆ. ಡುವೆಟ್ಟೊ ಆ ಗೆರೆ ದಾಟಿದೆ. 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ‘ವಿ.ಎ.’ ಎಂಬ ಗುರುತು. ಹಾಗೆ ನೋಂದಾಯಿಸಿದ ಕಾರನ್ನು ರ‍್ಯಾಲಿ, ಪ್ರದರ್ಶನಗಳಿಗೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆಮದು ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತದೆ. ಆಸೆಯಿರುವವರು ಮೊದಲು ಕಸ್ಟಮ್ಸ್ ಏಜೆಂಟರ ಹತ್ತಿರ ಲೆಕ್ಕ ಹಾಕಿಸಿ, ಆಮೇಲೆ ಮಿಲಾನಿಗೆ ಟಿಕೆಟ್ ತೆಗೆಸಿ.