ಮೂಗಿಗಿಂತ ಮೂಗುತಿ ಭಾರ



ಅಡಿಕೆ ಬೆಳೆಯುವ ನಮ್ಮ ಕಡೆಯವರಿಗೆ ಒಂದು ವಿಚಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪತ್ರಿಕೆಯಲ್ಲಿ ಅಚ್ಚಾಗುವ ಧಾರಣೆ ಬೇರೆ. ಕೊಯ್ಲಿನ ಕೂಲಿ, ಸುಲಿಯುವ ಕೂಲಿ, ಗಾಡಿ ಬಾಡಿಗೆ ಎಲ್ಲ ಕಳೆದು ಕೈಸೇರುವ ಹಣ ಬೇರೆ. ಮಾರುವಾಗ ಇಷ್ಟು ಜಾಗ್ರತೆಯಿರುವ ನಾವು ಕೊಳ್ಳುವಾಗ ಮಾತ್ರ ಬರೆದ ಬೆಲೆಯನ್ನೇ ನಂಬಿಬಿಡುತ್ತೇವೆ. ಇಂದು ನಾನು ಹೇಳಹೊರಟಿರುವುದು ಪರದೇಶದ ಆನ್‌ಲೈನ್ ಅಂಗಡಿಗಳಿಂದ ಕಂಪ್ಯೂಟರಿನ ಬಿಡಿಭಾಗಗಳನ್ನು ತರಿಸಿಕೊಳ್ಳುವ ವಿಚಾರ. ಪೆರ್ಲ, ಬದಿಯಡ್ಕ, ಮುಳ್ಳೇರಿಯದಂತಹ ಊರುಗಳ ಮಕ್ಕಳೂ ಈಗ ಕಂಪ್ಯೂಟರನ್ನು ತಾವೇ ಜೋಡಿಸುತ್ತಾರೆ. ಹಣ ಕೊಡುವವರು ಮಾತ್ರ ಅಪ್ಪಂದಿರು. ಆದ್ದರಿಂದ ಅಪ್ಪಂದಿರೂ ಕೇಳಿಸಿಕೊಳ್ಳಬೇಕು.

ಇಂಜಿನಿಯರಿಂಗ್ ಓದುವ ನೆರೆಮನೆಯ ಹುಡುಗನೊಬ್ಬ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕೆಂದು ನನ್ನಲ್ಲಿಗೆ ಬಂದಿದ್ದ. "ಮಾವ, ಇಲ್ಲಿ ಇಪ್ಪತ್ತೈದು ಸಾವಿರ, ಅಮೆರಿಕದ ಅಂಗಡಿಯಲ್ಲಿ ಇನ್ನೂರು ಡಾಲರ್, ಏಳು ಸಾವಿರ ಉಳಿಯುತ್ತದಲ್ಲವಾ?" ಎಂದ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ಲೆಕ್ಕದ ಚಾಳಿ ಹತ್ತಿದವನು ನಾನು. ಕಾಗದ ಪೆನ್ನು ತರಿಸಿದೆ.

ಡಾಲರಿಗೆ 90 ರೂಪಾಯಿ ಎಂದು ಇಟ್ಟುಕೊಳ್ಳೋಣ. ವಸ್ತುವಿಗೆ 18,000. ಸಾಗಾಟಕ್ಕೆ 30 ಡಾಲರ್, ಅಂದರೆ 2,700. ಇವೆರಡು ಕಣ್ಣಿಗೆ ಕಾಣುವ ಖರ್ಚು. ಕಾಣದ ಮೊದಲನೆಯ ಖರ್ಚು ನಿಮ್ಮ ಬ್ಯಾಂಕಿನದೇ. ವಿದೇಶಿ ನಾಣ್ಯದಲ್ಲಿ ಕಾರ್ಡು ಉಪಯೋಗಿಸಿದರೆ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಮೂರೂವರೆಯವರೆಗೆ ಶುಲ್ಕವಿರುತ್ತದೆ, ಆ ಶುಲ್ಕದ ಮೇಲೆ ನೂರಕ್ಕೆ 18ರ ಜಿಎಸ್‌ಟಿ. ಮೂರೂವರೆ ಎಂದು ಹಿಡಿದರೆ ಇದೇ ಸುಮಾರು 855 ರೂಪಾಯಿ. ಕೆಲವು ಅಂಗಡಿಗಳು "ರೂಪಾಯಿಯಲ್ಲೇ ಪಾವತಿಸುವಿರಾ?" ಎಂದು ವಿನಯದಿಂದ ಕೇಳುತ್ತವೆ. ಆ ವಿನಯಕ್ಕೆ ಮಾರುಹೋಗಬೇಡಿ. ಆಗ ಡಾಲರಿನ ದರವನ್ನು ನಿಗದಿಮಾಡುವವರು ಅವರು, ಮತ್ತು ಅದು ಹೆಚ್ಚಾಗಿ ನಿಮಗೆ ನಷ್ಟದ ದರವೇ. ಇನ್ನೊಂದು ಮಾತು: 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಮುಚ್ಚಿಯೇ ಇರುತ್ತದೆ, ನೀವಾಗಿ ತೆರೆಯಬೇಕು. ಕೆಲಸ ಮುಗಿದ ಮೇಲೆ ಪುನಃ ಮುಚ್ಚಿಬಿಡಿ.

ಇನ್ನು ಸುಂಕ. ಇಲ್ಲಿಯೇ ಹೆಚ್ಚಿನವರು ಎಡವುವುದು. ಸುಂಕವನ್ನು ವಸ್ತುವಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಸಾಗಾಟದ ಖರ್ಚು, ವಿಮೆ ಎರಡನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ವಿಮೆ ಎಷ್ಟೆಂದು ಗೊತ್ತಾಗದಿದ್ದರೆ ಬೆಲೆಯ ನೂರಕ್ಕೆ 1.125ರಷ್ಟು ಎಂದು ಹಿಡಿಯುವುದು ನಿಯಮ. ಡಾಲರಿನ ದರವೂ ಪತ್ರಿಕೆಯಲ್ಲಿ ನೋಡಿದ್ದಲ್ಲ, ಕಸ್ಟಮ್ಸ್ ಇಲಾಖೆ ಪ್ರಕಟಿಸಿದ್ದು. ನಮ್ಮ ಲೆಕ್ಕದಲ್ಲಿ ಸುಮಾರು 20,900 ಆಯಿತು. ಮೂಲ ಸುಂಕ ನೂರಕ್ಕೆ 20 ಎಂದು ಉದಾಹರಣೆಗೆ ಇಟ್ಟುಕೊಳ್ಳಿ: 4,180. ಅದರ ಮೇಲೆ 2018ರಲ್ಲಿ ಬಂದ ಸಮಾಜ ಕಲ್ಯಾಣ ಮೇಲ್ತೆರಿಗೆ, ಸುಂಕದ ಹತ್ತನೇ ಒಂದು ಪಾಲು: 418. ಇವೆಲ್ಲವನ್ನೂ ಬೆಲೆಗೆ ಕೂಡಿಸಿ, ಕೂಡಿಸಿದ್ದರ ಮೇಲೆ ನೂರಕ್ಕೆ 18ರಂತೆ ಐಜಿಎಸ್‌ಟಿ: 4,590. ತೆರಿಗೆಯ ಮೇಲೆ ತೆರಿಗೆ ಎಂದರೆ ಇದು. ಒಟ್ಟು 9,188. ಈ ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಇಲ್ಲಿ ನಾನು ಹೇಳಿದ್ದು ಲೆಕ್ಕದ ದಾರಿ ತೋರಿಸಲು ಮಾತ್ರ. ತರಿಸುವ ದಿನದ ದರವನ್ನು ನೋಡಿಯೇ ಮುಂದುವರಿಯಬೇಕು.

ಕೊರಿಯರಿನವರು ಈ ಸುಂಕವನ್ನು ಮೊದಲು ತಾವು ಕಟ್ಟಿ ಆಮೇಲೆ ನಿಮ್ಮಿಂದ ವಸೂಲು ಮಾಡುತ್ತಾರೆ. ಹಾಗೆ ಕಟ್ಟಿದ್ದಕ್ಕೆ ಅವರದ್ದೊಂದು ಶುಲ್ಕ, ಅದಕ್ಕೂ ಜಿಎಸ್‌ಟಿ. 590 ರೂಪಾಯಿ ಎಂದು ಹಿಡಿಯೋಣ. ಕೂಡಿಸಿ ನೋಡಿದಾಗ 18,000ದ ವಸ್ತು 31,333 ರೂಪಾಯಿಗೆ ಬಂದು ನಿಂತಿತು. ಹುಡುಗ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದ.

ಹಾಗಾದರೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯವನು ಅದನ್ನೇ 25,000ಕ್ಕೆ ಹೇಗೆ ಕೊಡುತ್ತಾನೆ? ಅವನೂ ಹೊರದೇಶದ ಮಾಲನ್ನೇ ಮಾರುವುದಲ್ಲವೇ? ಪ್ರಶ್ನೆ ನ್ಯಾಯವಾದದ್ದು. 1996ರಲ್ಲಿ ಸಿಂಗಾಪುರದಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಭೆಯಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದವಾಯಿತು, ಮರುವರ್ಷ ಭಾರತವೂ ಸೇರಿತು. ಅದರ ಫಲವಾಗಿ ಕಂಪ್ಯೂಟರಿನ ಹೆಚ್ಚಿನ ಬಿಡಿಭಾಗಗಳನ್ನು ವ್ಯಾಪಾರಕ್ಕೆಂದು ಸಗಟಾಗಿ ತರುವವನಿಗೆ ಮೂಲ ಸುಂಕವೇ ಇಲ್ಲ, ಐಜಿಎಸ್‌ಟಿ ಮಾತ್ರ. ಸ್ವಂತ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವ ಒಂಟಿ ಸರಕಿಗೆ ಸುಂಕಪಟ್ಟಿಯಲ್ಲಿ 9804 ಎಂಬ ಬೇರೆಯೇ ಶೀರ್ಷಿಕೆಯಿದೆ, ಬೇರೆಯೇ ದರವಿದೆ. ನಿಮ್ಮ ಪಾರ್ಸೆಲು ಯಾವ ಶೀರ್ಷಿಕೆಯ ಕೆಳಗೆ ಬಿತ್ತು ಎಂಬುದರ ಮೇಲೆ ನಿಮ್ಮ ಜೇಬು ನಿಂತಿದೆ. ಒಂದು ಮೂಟೆಗಿಂತ ಒಂದು ಸೇರಿಗೆ ಹೆಚ್ಚು ತೆರಬೇಕಾದ ಈ ಏರ್ಪಾಡು ನನಗಂತೂ ಸರಿಯೆನಿಸುವುದಿಲ್ಲ. ಆದರೆ ಕಾನೂನು ಇರುವುದು ಹಾಗೆ.

ನಮ್ಮ ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಮನೆ ಕಡಿಮೆ. "ದುಬಾಯಿಯ ಭಾವನಿಂದ ಗಿಫ್ಟ್ ಎಂದು ಬರೆಸಿ ಕಳುಹಿಸಿದರಾಯಿತು" ಎನ್ನುವವರಿದ್ದಾರೆ. 5,000 ರೂಪಾಯಿವರೆಗಿನ ಉಡುಗೊರೆಗೆ ಮೊದಲು ಸುಂಕವಿರಲಿಲ್ಲ, ನಿಜ. 2019ರ ಡಿಸೆಂಬರಿನಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿ, ರಾಖಿಗೂ ಜೀವರಕ್ಷಕ ಔಷಧಕ್ಕೂ ಮಾತ್ರ ಉಳಿಸಿದರು. ಬೆಲೆ ಕಡಿಮೆ ಬರೆಸುವುದೂ ಅಪಾಯವೇ. 1962ರ ಕಸ್ಟಮ್ಸ್ ಕಾಯಿದೆಯಂತೆ ಸರಕನ್ನು ಮುಟ್ಟುಗೋಲು ಹಾಕಬಹುದು, ದಂಡವನ್ನೂ ವಿಧಿಸಬಹುದು. ದಾರಿಯಲ್ಲಿ ಒಡೆದುಹೋದರೆ ವಿಮೆ ಕೇಳುವಾಗ ಬರೆಸಿದ ಆ ಸಣ್ಣ ಬೆಲೆಯೇ ನಿಮಗೆ ಎದುರಾಗುತ್ತದೆ. ಭಾವ ಊರಿಗೆ ಬರುವವನೇ ಆದರೆ ಪೆಟ್ಟಿಗೆಯಲ್ಲಿ ತರಲಿ. ಹದಿನೆಂಟು ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಉಳಿದ ವಸ್ತುಗಳಿಗೆ 2016ರ ನಿಯಮದಲ್ಲಿ 50,000 ರೂಪಾಯಿಯ ಮಿತಿ ಹಾಕಿದ್ದರು. ಈ ಮಿತಿಯೂ ಬದಲಾಗುವಂಥದ್ದು, ಅಲ್ಲಿಂದ ಹೊರಡುವ ಮೊದಲೇ ವಿಚಾರಿಸಿಕೊಳ್ಳಲಿ.

ಸಾಮಾನು ಬಂದ ಮೇಲೆ ಕೆಟ್ಟರೆ ಏನು ಗತಿ? ಬಹಳಷ್ಟು ಬಿಡಿಭಾಗಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಅನ್ವಯ. ವಾಪಸು ಕಳುಹಿಸುವ ಖರ್ಚು ಹೆಚ್ಚಾಗಿ ನಿಮ್ಮದೇ. ಬದಲಿ ಬಂದಾಗ, ಹಳೆಯದನ್ನು ಕಳುಹಿಸಿದ ಕಾಗದಪತ್ರ ಸರಿಯಿಲ್ಲದಿದ್ದರೆ ಪುನಃ ಸುಂಕ. ಅಂಗಡಿಯವನು ಹಣ ಹಿಂದಿರುಗಿಸಿದರೂ ಅದು ಆ ದಿನದ ಡಾಲರ್ ದರದಲ್ಲಿ ಬರುತ್ತದೆ. ಬ್ಯಾಂಕು ಹಿಡಿದ ಶುಲ್ಕ ಸಾಮಾನ್ಯವಾಗಿ ಬರುವುದಿಲ್ಲ, ಕಟ್ಟಿದ ಸುಂಕ ತಾನಾಗಿ ಬರುವುದಂತೂ ಇಲ್ಲವೇ ಇಲ್ಲ. ಅಮೆರಿಕದ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ಪವರ್ ಸಪ್ಲೈ ತರಿಸುವವರು ಅದು ಎರಡಕ್ಕೂ ಆಗುವಂಥದ್ದೇ ಎಂದು ನೋಡದೆ ಪ್ಲಗ್ಗಿಗೆ ಸಿಕ್ಕಿಸಿದರೆ ಒಂದು ಕ್ಷಣದಲ್ಲಿ ಹೊಗೆ.

ಇಷ್ಟೆಲ್ಲ ಲೆಕ್ಕ ಹಾಕಿಯೂ ತರಿಸಲೇಬೇಕಾದ ಸಂದರ್ಭಗಳಿವೆ. ಹಳೆಯ ಯಂತ್ರದ ಭಾಗ, ನಮ್ಮ ದೇಶದಲ್ಲಿ ಸಿಗದ ಭಾಗ, ಇವುಗಳಿಗೆ ಬೇರೆ ದಾರಿಯಿಲ್ಲ. ಆಗ ವಿಳಾಸದಲ್ಲಿ ಆಧಾರ್ ಕಾರ್ಡಿನಲ್ಲಿರುವ ಹೆಸರನ್ನೇ ಬರೆಯಿರಿ. ನಮ್ಮಲ್ಲಿ ಮನೆಹೆಸರು, ಇನಿಷಿಯಲ್ಲು, ಮಲಯಾಳದಲ್ಲಿ ಒಂದು ಬಗೆ, ಕನ್ನಡದಲ್ಲಿ ಇನ್ನೊಂದು ಬಗೆ ಎಂದು ಒಬ್ಬನಿಗೇ ಮೂರು ಹೆಸರಿರುತ್ತದೆ. ಗುರುತಿನ ಚೀಟಿ ತಾಳೆಯಾಗದೆ ಪಾರ್ಸೆಲು ವಾರಗಟ್ಟಲೆ ಕೂತುಬಿಡುತ್ತದೆ. ಹಳ್ಳಿಯವರೆಗೆ ತಲುಪಿಸುತ್ತಾರೋ, ಕಾಸರಗೋಡಿಗೋ ಕಾಞಂಗಾಡಿಗೋ ನೀವೇ ಹೋಗಬೇಕೋ, ಅದನ್ನೂ ಕೇಳಿಡಿ. ಒಂದು ದಿನದ ಕೆಲಸ, ಬಸ್ಸಿನ ಚಾರ್ಜು ಇವೂ ಖರ್ಚೇ ತಾನೆ?

ಪಾರ್ಸೆಲಿಗಾಗಿ ಕಾಯುತ್ತಿರುವಾಗ "ನಿಮ್ಮ ಸಾಮಾನು ಕಸ್ಟಮ್ಸಿನಲ್ಲಿ ಸಿಕ್ಕಿಬಿದ್ದಿದೆ, ಕೂಡಲೇ ಈ ನಂಬರಿಗೆ ಹಣ ಹಾಕಿ" ಎಂದು ಮಲಯಾಳದಲ್ಲೋ ಹಿಂದಿಯಲ್ಲೋ ಫೋನು ಬಂದರೆ ಗಾಬರಿಯಾಗಬೇಡಿ. ಯಾರದೋ ಸ್ವಂತ ಖಾತೆಗೆ ಸುಂಕ ಕಟ್ಟುವ ಪದ್ಧತಿಯಿಲ್ಲ. ಫೋನು ಇಟ್ಟು, ಕೊರಿಯರಿನವರು ಕೊಟ್ಟ ನಂಬರು ಹಿಡಿದು ಅವರ ಕಚೇರಿಯಲ್ಲೇ ವಿಚಾರಿಸಿ. ಹಣ ಹೋಗಿಯೇಬಿಟ್ಟಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಮರುದಿನ ಮಗ ಕಾಲೇಜಿನಿಂದ ಬರಲಿ, ಅವನಲ್ಲಿ ಕೇಳೋಣ ಎಂದು ಕಾಯುವುದು ಬೇಡ. ಅಷ್ಟರೊಳಗೆ ಹಣ ನಾಲ್ಕು ಖಾತೆ ದಾಟಿರುತ್ತದೆ.