ಸಿರಸಂಗಿಯ ದಾನ ಮತ್ತು ಇಂದಿನ ಕಾಲೇಜು ಗ್ರಂಥಾಲಯ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನಲ್ಲಿ ಸಿರಸಂಗಿ ಎಂಬ ಊರಿದೆ. ಕಾಳಿಕಾದೇವಿಯ ಪುರಾತನ ದೇವಾಲಯದಿಂದ ಹೆಸರಾದ ಈ ಊರನ್ನು ಕರ್ನಾಟಕದ ಶಿಕ್ಷಣ ಕ್ಷೇತ್ರ ನೆನೆಯುವುದು ಇನ್ನೊಂದು ಕಾರಣಕ್ಕಾಗಿ. ಇಲ್ಲಿನ ದೇಸಾಯಿ ಮನೆತನದ ಲಿಂಗರಾಜರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟು ಹೋದರು. ಆ ಆಸ್ತಿಯಿಂದ ರೂಪುಗೊಂಡ ಸಿರಸಂಗಿ-ನವಲಗುಂದ ಟ್ರಸ್ಟಿನ ನೆರವಿನಿಂದ ಓದಿದವರು ಉತ್ತರ ಕರ್ನಾಟಕದಲ್ಲಿ ಅನೇಕರು. ಜನ ಲಿಂಗರಾಜರನ್ನು ಇಂದಿಗೂ 'ತ್ಯಾಗವೀರ' ಎಂದೇ ಕರೆಯುತ್ತಾರೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಮತ್ತು ಹಿತೈಷಿಗಳು ಸೇರಿ ಕಟ್ಟಿದ ಕೆಎಲ್‌ಇ ಸಂಸ್ಥೆ 1933ರಲ್ಲಿ ಬೆಳಗಾವಿಯಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜ ಕಾಲೇಜು ಎಂದೇ ಹೆಸರಿಟ್ಟಿತು.

ದಾನ ಕೊಟ್ಟವರು ಹೋದರು. ಕಟ್ಟಡ ಎದ್ದಿತು, ಹೆಸರು ಉಳಿಯಿತು. ಆದರೆ ಆ ದಾನದ ಫಲ ಇಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯ ಕೈಗೆ ತಲುಪುವುದು ಎಲ್ಲಿ? ತರಗತಿಯಲ್ಲಿ ಎಂಬುದು ನಿಜ. ಅದರಷ್ಟೇ ಮುಖ್ಯವಾದ ಇನ್ನೊಂದು ಜಾಗ ಕಾಲೇಜಿನ ಗ್ರಂಥಾಲಯ. ಮನೆಯಲ್ಲಿ ಗಣಕಯಂತ್ರವಿಲ್ಲದ, ಪುಸ್ತಕ ಕೊಳ್ಳಲು ಹಣವಿಲ್ಲದ ವಿದ್ಯಾರ್ಥಿಗೆ ಅಲ್ಲಿ ಇವೆರಡೂ ಉಚಿತ. ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಾಲೇಜುಗಳಿಗಿರಲಿ, ನಮ್ಮ ಕರಾವಳಿಯ ಕಾಲೇಜುಗಳಿಗಿರಲಿ, ಈ ಮಾತು ಒಂದೇ. ಇಂದಿನ ಗ್ರಂಥಾಲಯದಲ್ಲಿ ಏನೇನಿದೆ, ಅದನ್ನು ಬಳಸುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಪುಸ್ತಕ ಹುಡುಕುವ ಕ್ರಮ

ಹಿಂದೆ ಗ್ರಂಥಾಲಯದಲ್ಲಿ ಪುಸ್ತಕ ಬೇಕಾದರೆ ಮರದ ಡ್ರಾಯರಿನಲ್ಲಿದ್ದ ಕಾರ್ಡುಗಳನ್ನು ತಿರುವಿ ಹಾಕಬೇಕಿತ್ತು. ಇಂದು ಆ ಕೆಲಸವನ್ನು ತಂತ್ರಾಂಶಗಳು ಮಾಡುತ್ತವೆ. ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವವುಗಳಲ್ಲಿ 'ಸೋಲ್' ಮತ್ತು 'ಕೋಹಾ' ಪ್ರಮುಖವಾದವು. ಸೋಲ್ ತಂತ್ರಾಂಶವನ್ನು ರೂಪಿಸಿದ್ದು ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ. ಕೋಹಾ 2000ದ ಆರಂಭದಲ್ಲಿ ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಬಳಕೆಗೆ ಬಂತು. ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಅಲ್ಲಿನ ಮಾವೋರಿ ಭಾಷೆಯಲ್ಲಿ 'ಕೋಹಾ' ಎಂದರೆ ಕಾಣಿಕೆ ಎಂದರ್ಥ.

ತಂತ್ರಾಂಶವಿದ್ದ ಮಾತ್ರಕ್ಕೆ ಪುಸ್ತಕ ಸಿಗುತ್ತದೆ ಎಂದೇನೂ ಇಲ್ಲ. ಕನ್ನಡ ಪುಸ್ತಕಗಳ ವಿಷಯದಲ್ಲಿ ಒಂದು ತೊಡಕಿದೆ. ಗಣಕೀಕರಣದ ಆರಂಭದ ವರ್ಷಗಳಲ್ಲಿ ಅನೇಕ ಕಡೆ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೇರಿಸಲಾಯಿತು. ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯಲಿಲ್ಲ. ಹಳಕಟ್ಟಿಯವರ ಹೆಸರೊಂದನ್ನೇ ಮೂರು ನಾಲ್ಕು ಬಗೆಯಾಗಿ ಬರೆಯಬಹುದು. ಇನ್ನು ಕೆಲವೆಡೆ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದರಿಂದ ಇಂದಿನ ಗಣಕಯಂತ್ರ ಅದನ್ನು ಕನ್ನಡವೆಂದೇ ಗುರುತಿಸುವುದಿಲ್ಲ. ಪುಸ್ತಕ ಕಪಾಟಿನಲ್ಲೇ ಇದ್ದರೂ ಹುಡುಕಿದವರಿಗೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಇದಕ್ಕೆ ಪರಿಹಾರ ಯುನಿಕೋಡ್ ಕನ್ನಡದಲ್ಲಿ ಹೆಸರುಗಳನ್ನು ಮತ್ತೆ ಸೇರಿಸುವುದು. ಗ್ರಂಥಪಾಲಕರೊಬ್ಬರಿಂದ ಆಗುವ ಕೆಲಸ ಇದಲ್ಲ. ಕನ್ನಡ ಟೈಪಿಂಗ್ ಬಲ್ಲ ಹತ್ತು ವಿದ್ಯಾರ್ಥಿಗಳು ವಾರಕ್ಕೆ ಎರಡು ಗಂಟೆ ಕೊಟ್ಟರೆ ಕೆಲಸ ನಿಶ್ಚಯವಾಗಿ ಮುಂದೆ ಸಾಗುತ್ತದೆ.

ಊರಿನಲ್ಲೇ ಕುಳಿತು ಓದುವ ಅವಕಾಶ

ಕಾಲೇಜಿನ ಗ್ರಂಥಾಲಯ ಸಂಜೆ ಮುಚ್ಚುತ್ತದೆ, ಊರಿನ ಕೊನೆಯ ಬಸ್ಸು ಅದಕ್ಕಿಂತ ಮೊದಲೇ ಹೊರಡುತ್ತದೆ. ಹೀಗಾಗಿ ಕಾಲೇಜಿನ ಹೊರಗಿದ್ದೂ ಓದಲು ಸಾಧ್ಯವಾಗುವ ವ್ಯವಸ್ಥೆಗಳು ಹಳ್ಳಿಯ ವಿದ್ಯಾರ್ಥಿಗಳಿಗೆ ತುಂಬ ಉಪಕಾರಿ. ಕಾಲೇಜುಗಳಿಗಾಗಿ 2010ರಲ್ಲಿ ಆರಂಭವಾದ ಎನ್-ಲಿಸ್ಟ್ ಯೋಜನೆಯ ಮೂಲಕ ಸದಸ್ಯ ಕಾಲೇಜಿನ ವಿದ್ಯಾರ್ಥಿ ತನ್ನದೇ ಹೆಸರಿನ ಲಾಗಿನ್ ಪಡೆದು ಮೊಬೈಲಿನಲ್ಲೇ ಇ-ಪುಸ್ತಕ, ಸಂಶೋಧನಾ ಪತ್ರಿಕೆಗಳನ್ನು ಓದುವಂತಾಯಿತು. 2025ರ ಜನವರಿಯಿಂದ ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಯೂ ಬಂದಿದೆ. ನಿಮ್ಮ ಕಾಲೇಜು ಇವುಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ಗ್ರಂಥಪಾಲಕರನ್ನು ಕೇಳಿದರೆ ತಿಳಿಸುತ್ತಾರೆ. ಕೇಳದಿದ್ದರೆ ಲಾಗಿನ್ ತಾನಾಗಿ ಮನೆಗೆ ಬರುವುದಿಲ್ಲ!

ಯಾವ ಕಾಲೇಜಿಗೂ ಸೇರದವರಿಗೂ ದಾರಿಗಳಿವೆ. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು 2018ರ ಜೂನ್ 19ರಂದು ದೇಶಕ್ಕೆ ಅರ್ಪಿಸಲಾಯಿತು. ಅದರಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ 'ಓದುವ ಬೆಳಕು' ಅಭಿಯಾನ ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಈ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳೆಂದು ಕರೆಯಲ್ಪಡುತ್ತವೆ.

ಓದುವುದರಿಂದ ರಚಿಸುವುದರ ಕಡೆಗೆ

ಹೊರದೇಶಗಳಲ್ಲಿ ಗ್ರಂಥಾಲಯ ಈಗ ಪುಸ್ತಕ ಪಡೆಯುವ ಜಾಗ ಮಾತ್ರವಾಗಿ ಉಳಿದಿಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿ ನಗರದಲ್ಲಿ 2018ರ ಡಿಸೆಂಬರಿನಲ್ಲಿ ತೆರೆದ 'ಓಡಿ' ಗ್ರಂಥಾಲಯದಲ್ಲಿ ಪುಸ್ತಕಗಳ ಜೊತೆಗೆ ತ್ರೀ-ಡಿ ಪ್ರಿಂಟರ್, ಹೊಲಿಗೆ ಯಂತ್ರ, ಧ್ವನಿಮುದ್ರಣ ಕೊಠಡಿಗಳೂ ಇವೆ. ಇದನ್ನು ಕೇಳಿ ನಮಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು ಎಂದು ಕೈಚೆಲ್ಲುವ ಅಗತ್ಯವಿಲ್ಲ. ಒಂದು ಗಣಕಯಂತ್ರ, ಒಂದು ಸ್ಕ್ಯಾನರ್, ಮೊಬೈಲಿಗೆ ಸಿಕ್ಕಿಸುವ ಒಂದು ಚಿಕ್ಕ ಮೈಕ್ ಇದ್ದರೆ ಸಾಕು, ಕೆಲಸ ಆರಂಭಿಸಬಹುದು. ಮೂರು ಉದಾಹರಣೆಗಳನ್ನು ನೋಡೋಣ.

ಮೊದಲನೆಯದು ಧ್ವನಿ ಸಂಗ್ರಹ. ಸವದತ್ತಿ ಸೀಮೆಯಲ್ಲಿ ಚೌಡಿಕೆ ಪದ ಹಾಡುವವರಿದ್ದಾರೆ, ಬೈಲಹೊಂಗಲ ಭಾಗದಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಬಲ್ಲವರಿದ್ದಾರೆ, ಹಂತಿ ಪದ ಮತ್ತು ಬೀಸುವ ಪದ ನೆನಪಿಟ್ಟುಕೊಂಡ ಅಜ್ಜಿಯರಿದ್ದಾರೆ. ಅವರು ಕಣ್ಮುಚ್ಚಿದರೆ ಆ ಹಾಡೂ ಹೋಯಿತು. ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಇವನ್ನು ಮುದ್ರಿಸಿ ತರಬಹುದು. ಫ್ಯಾನ್ ನಿಲ್ಲಿಸಿ, ಮೈಕನ್ನು ಹಾಡುವವರ ಹತ್ತಿರ ಇಟ್ಟು ಮುದ್ರಿಸಬೇಕು. ಹಾಡಿದವರ ಹೆಸರು, ಊರು, ತಾರೀಖನ್ನು ಅಂದೇ ಬರೆದಿಡಬೇಕು. ಈ ವಿವರವಿಲ್ಲದ ಧ್ವನಿಮುದ್ರಣ ಹತ್ತು ವರ್ಷದ ನಂತರ ಯಾರದೆಂದೇ ತಿಳಿಯದು. ಎಲ್ಲಕ್ಕಿಂತ ಮುಖ್ಯವಾಗಿ ಹಾಡಿದವರ ಒಪ್ಪಿಗೆ ಪಡೆಯಬೇಕು. ಹೀಗೆ ಬಂದದ್ದನ್ನು ಎರಡು ಪ್ರತಿ ಮಾಡಿ ಬೇರೆ ಬೇರೆ ಜಾಗದಲ್ಲಿ ಇಡಬೇಕು.

ಎರಡನೆಯದು ಹಳೆಯ ಪುಸ್ತಕಗಳ ಡಿಜಿಟಲೀಕರಣ. ಪುಟಗಳನ್ನು ಸ್ಕ್ಯಾನ್ ಮಾಡಿದ ಮೇಲೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ಮಾರ್ಪಡಿಸುವ ತಂತ್ರಾಂಶಗಳಿವೆ. ಉಚಿತವಾಗಿ ಸಿಗುವ 'ಟೆಸರಾಕ್ಟ್' ಕನ್ನಡವನ್ನೂ ಓದುತ್ತದೆ. ಒತ್ತಕ್ಷರಗಳಲ್ಲಿ, ಮಸುಕಾದ ಹಳೆಯ ಅಚ್ಚಿನಲ್ಲಿ ಅದು ತಪ್ಪುತ್ತದೆ. ಆದುದರಿಂದ ಕರಡು ತಿದ್ದುವ ಕೆಲಸ ಮನುಷ್ಯರಿಗೇ ಉಳಿಯುತ್ತದೆ. ಹೀಗೆ ಪಠ್ಯವಾದ ಬಳಿಕ ಏನಾಗುತ್ತದೆ ಎಂಬುದಕ್ಕೆ 'ವಚನ ಸಂಚಯ' ಜಾಲತಾಣ ಒಳ್ಳೆಯ ನಿದರ್ಶನ. ಅಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂಬುದು ಕ್ಷಣದಲ್ಲಿ ಕಾಣುತ್ತದೆ. ಹಿಂದೆ ಇದಕ್ಕೆ ವಿದ್ವಾಂಸರು ವರ್ಷಗಟ್ಟಲೆ ಶ್ರಮಿಸಬೇಕಿತ್ತು.

ಮೂರನೆಯದು ಕಾಣದವರಿಗೆ ಓದು. ಆಸ್ಟ್ರೇಲಿಯಾದ ಅಂಧ ಯುವಕರು ರೂಪಿಸಿದ 'ಎನ್‌ವಿಡಿಎ' ಎಂಬ ಉಚಿತ ತಂತ್ರಾಂಶ ಗಣಕಯಂತ್ರದ ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಅದು ಕನ್ನಡವನ್ನೂ ಓದುತ್ತದೆ. ಆದರೆ ಬರಿಯ ಚಿತ್ರವಾಗಿರುವ ಪುಟವನ್ನು ಅದು ಓದಲಾರದು, ಯುನಿಕೋಡ್ ಪಠ್ಯವೇ ಬೇಕು. ಮೇಲೆ ಹೇಳಿದ ಕರಡು ತಿದ್ದುವ ಶ್ರಮ ಇಲ್ಲಿ ಫಲ ಕೊಡುತ್ತದೆ. ಅಂಧರಿಗಾಗಿ ಪುಸ್ತಕಗಳನ್ನು ಸುಲಭಗೊಳಿಸುವ ಮರಕೇಶ್ ಒಪ್ಪಂದವನ್ನು 2014ರಲ್ಲಿ ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ ಎಂಬುದು ನಮಗೆ ಹೆಮ್ಮೆಯ ವಿಷಯ. 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಇಂತಹ ಪುಸ್ತಕಗಳನ್ನು ಒದಗಿಸುವ ಆನ್‌ಲೈನ್ ಗ್ರಂಥಾಲಯ.

ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು

ಕಪಾಟಿನಲ್ಲಿರುವ ಎಲ್ಲ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕುವಂತಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷಗಳ ಕಾಲ ಅವರ ಕೃತಿಗಳಿಗೆ ರಕ್ಷಣೆಯಿದೆ. ವಚನಗಳನ್ನು ಹುಡುಕಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2025ರ ಜನವರಿ 1ರಿಂದ ಎಲ್ಲರ ಸೊತ್ತು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡದ್ದರಿಂದ ಅವರ ಅಂತಹ ಕೃತಿಗಳು ಒಂದು ವರ್ಷ ಮೊದಲೇ ಮುಕ್ತವಾದವು. ಆದರೆ 1997ರಲ್ಲಿ ಅಗಲಿದ ಶಿವರಾಮ ಕಾರಂತರ ಕೃತಿಗಳಿಗೆ 2057ರ ಕೊನೆಯವರೆಗೂ ರಕ್ಷಣೆಯಿದೆ. ಹಳೆಯ ಕೃತಿಗೆ ಈಚಿನವರು ಬರೆದ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆಯೇ ಹಕ್ಕಿರುತ್ತದೆ ಎಂಬುದನ್ನೂ ಗಮನಿಸಬೇಕು.

ನಮ್ಮ ಧರ್ಮಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ಚರ್ಚಿನ ಕಪಾಟುಗಳಲ್ಲಿ ಹಳೆಯ ಸ್ಮರಣ ಸಂಚಿಕೆಗಳಿವೆ, ಶಾಲಾ ವಾರ್ಷಿಕಾಂಕಗಳಿವೆ, 1938ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆಯ ಹಳೆಯ ಸಂಚಿಕೆಗಳು ಕೆಲವು ಮನೆಗಳಲ್ಲಿವೆ. ಗೆದ್ದಲು ಮತ್ತು ಮಳೆಗಾಲದ ತೇವ ಇವುಗಳಿಗೆ ಕಾಯುವುದಿಲ್ಲ. ಹತ್ತಿರದ ಕಾಲೇಜು ಗ್ರಂಥಾಲಯದ ಸಹಾಯ ಪಡೆದು ಇವುಗಳ ಪ್ರತಿ ಮಾಡಿಡಬಹುದು. ಪ್ರಕಟಿಸುವುದಾದರೆ ಮಾತ್ರ ಹಕ್ಕುಳ್ಳವರ ಅನುಮತಿ ಬೇಕು. ಕನ್ನಡ ಲಿಪಿಯ ಕೊಂಕಣಿಯಲ್ಲಿ ತಂತ್ರಾಂಶ ಅಕ್ಷರಗಳನ್ನು ಗುರುತಿಸಿದರೂ ಪದಗಳನ್ನು ಅರಿಯದು, ಅಲ್ಲಿ ಕೊಂಕಣಿ ಬಲ್ಲವರ ಕಣ್ಣು ಬೇಕೇ ಬೇಕು. ಜ್ಞಾನಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳ ಮಾತು ಬೇರೆ. ಅವುಗಳಲ್ಲಿ ಬದುಕಿರುವವರ ಖಾಸಗಿ ವಿವರಗಳಿರುವುದರಿಂದ ಜೋಪಾನಕ್ಕಾಗಿ ಪ್ರತಿ ಮಾಡಿದರೂ ಅಂತರ್ಜಾಲಕ್ಕೆ ಹಾಕುವಂತಿಲ್ಲ.

ಬೀಗ ಹಾಕಿದ ಕಪಾಟು ಬೇಡ

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರ ಇಷ್ಟೇ: ಪುಸ್ತಕ ಇರುವುದು ಬಳಸಲಿಕ್ಕೆ, ಕಾಯ್ದಿಡಲಿಕ್ಕಲ್ಲ. ಅವರ ಜನ್ಮದಿನವಾದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಕಾಲೇಜುಗಳಲ್ಲಿ ಆಚರಿಸುತ್ತಾರೆ. ಪುಸ್ತಕ ಪ್ರದರ್ಶನ, ಪುಸ್ತಕ ವಿಮರ್ಶೆ, ಓದುವ ಸ್ಪರ್ಧೆಗಳು ನಡೆಯುತ್ತವೆ. ಇವೆಲ್ಲ ಒಳ್ಳೆಯದೇ. ಆದರೆ ಒಂದು ದಿನದ ಆಚರಣೆಗಿಂತ ದಿನವೂ ತೆರೆದ ಬಾಗಿಲು ದೊಡ್ಡದು. ಅನುದಾನ ಬಂದಾಗ ಕೊಂಡ ಉಪಕರಣ ಹಾಳಾದೀತೆಂಬ ಭಯದಿಂದ ಬೀರುವಿನಲ್ಲಿ ಉಳಿದರೆ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಬಳಸಿ ಹಾಳಾದುದನ್ನು ರಿಪೇರಿ ಮಾಡಿಸಬಹುದು, ಬಳಸದೆ ಕಳೆದ ವಿದ್ಯಾರ್ಥಿಯ ಮೂರು ವರ್ಷಗಳನ್ನು ಮರಳಿ ತರಲಾಗದು. ಗ್ರಂಥಪಾಲಕರ ಹುದ್ದೆ ಖಾಲಿಯಿರುವ ಕಡೆ ಆಡಳಿತ ಮಂಡಳಿ, ಪಾಲಕರು ಮತ್ತು ಹಳೆ ವಿದ್ಯಾರ್ಥಿಗಳು ಅದನ್ನು ತುಂಬಿಸಲು ಒತ್ತಾಯಿಸಬೇಕು. ಯಂತ್ರ ಎಷ್ಟೇ ಇದ್ದರೂ ತಿಳಿಸಿಕೊಡುವ ಒಬ್ಬರು ಇಲ್ಲದಿದ್ದರೆ ಅದು ಮೂಲೆ ಸೇರುತ್ತದೆ.

ಪಾಲಕರಲ್ಲಿ ಒಂದು ವಿನಂತಿ. ಮಕ್ಕಳು ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಗ್ರಂಥಾಲಯದ ಕಾರ್ಡ್ ಮಾಡಿಸಿದ್ದಾರೆಯೇ, ಲಾಗಿನ್ ಪಡೆದಿದ್ದಾರೆಯೇ ಎಂದು ಕೇಳಿರಿ. ಕಾಲೇಜಿನ ಶುಲ್ಕದಲ್ಲಿ ಗ್ರಂಥಾಲಯದ ಹಣವೂ ಸೇರಿರುತ್ತದೆ. ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಬಿಟ್ಟುಹೋದದ್ದು ತಾವು ಕಂಡೇ ಇರದ ಮಕ್ಕಳಿಗಾಗಿ. ಅಂತಹ ದಾನಿಗಳ, ಅವರಂತೆ ಪುಸ್ತಕ ಕೊಟ್ಟವರ, ಕಪಾಟು ಮಾಡಿಸಿಕೊಟ್ಟವರ ಋಣ ತೀರಿಸುವ ದಾರಿ ಕಷ್ಟದ್ದೇನಲ್ಲ. ಒಳಗೆ ಹೋಗಿ, ಕೇಳಿ, ಓದಿ, ಕಲಿತದ್ದನ್ನು ಇನ್ನೊಬ್ಬರಿಗೆ ತಿಳಿಸಿದರೆ ಸಾಕು.