ನೀಲಾಂಜನೆಯ ನೃತ್ಯ ಮತ್ತು ಬೆಳ್ಳಿತೆರೆಯ ಕುಣಿತ

ಇಕ್ಕೇರಿಯ ಸೀಮೆಯಲ್ಲಿಯೂ ಶಾಲಾ ವಾರ್ಷಿಕೋತ್ಸವವೆಂದರೆ ಈಗ ಚಲನಚಿತ್ರದ ಹಾಡುಗಳೇ. ಎಳೆಯ ಮಕ್ಕಳು ‘ಐಟಂ’ ಹಾಡಿಗೆ ಸೊಂಟ ಬಳುಕಿಸಿದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಮರುಕ್ಷಣವೇ ಚಪ್ಪಾಳೆಯನ್ನೂ ತಟ್ಟುತ್ತಾರೆ. ಯಾವುದನ್ನು ಆಕ್ಷೇಪಿಸಬೇಕೆಂಬುದು ಸ್ಪಷ್ಟವಾಗದಿರುವುದೇ ಈ ಇಬ್ಬಂದಿತನಕ್ಕೆ ಕಾರಣ. ಆಕ್ಷೇಪವು ಶೃಂಗಾರಕ್ಕೆ ಸಲ್ಲಬೇಕೆ?

ಸಲ್ಲದು. ಶೃಂಗಾರವನ್ನು ರಸರಾಜನೆಂದು ಮನ್ನಿಸಿದ ಪರಂಪರೆ ನಮ್ಮದು. ಬನವಾಸಿಗೆ ಮನಸೋತ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆಯೆಂಬ ಸುರನರ್ತಕಿ ಆದಿದೇವನ ಸಭೆಯಲ್ಲಿ ನರ್ತಿಸುತ್ತಾಳೆ. ಅಲ್ಲಿ ಬೆಡಗಿಗಾಗಲಿ ಬಿನ್ನಾಣಕ್ಕಾಗಲಿ ಕೊರತೆಯಿಲ್ಲ. ನರ್ತಿಸುತ್ತಿರುವಂತೆಯೇ ಅವಳ ಆಯುಸ್ಸು ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅವಳನ್ನೇ ಹೋಲುವ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯದ ಈ ವ್ಯತ್ಯಾಸ ಆದಿದೇವನಿಗೆ ತಿಳಿಯುತ್ತದೆ. ಅವನ ವೈರಾಗ್ಯಕ್ಕೆ ಅದೇ ಮೊದಲು. ಆ ನೃತ್ಯವನ್ನು ತೆಗೆದರೆ ಕಾವ್ಯವೇ ಕುಸಿಯುತ್ತದೆ.

ಬೆಳ್ಳಿತೆರೆಯ ಮಾದಕ ಹಾಡನ್ನು ತೆಗೆದರೆ ಕಥೆಗೆ ನೋವಾಗುವುದು ಅಪರೂಪ. ‘ಕಾರವಾನ್’ (1971) ಚಿತ್ರದ ಕಾಲಕ್ಕೆ ಇಂಥ ಕುಣಿತವು ಬಹುಮಟ್ಟಿಗೆ ಹೆಲೆನ್ ಅವರಂಥ ಪ್ರತ್ಯೇಕ ನರ್ತಕಿಯರ ಪಾಲಿನದಾಗಿತ್ತು. ‘ಖಳನಾಯಕ್’ (1993) ಚಿತ್ರದಲ್ಲಿ ನಾಯಕಿಯೇ ಅದನ್ನು ವಹಿಸಿಕೊಂಡಳು. ಈ ಕಲಾವಿದೆಯರ ನೃತ್ಯಕೌಶಲ ನಿರ್ವಿವಾದವಾದುದು. ದೋಷವಿರುವುದು ನೋಟದಲ್ಲಿ. ಕ್ಯಾಮೆರಾ ಸೊಂಟವನ್ನೊಮ್ಮೆ, ಎದೆಯನ್ನೊಮ್ಮೆ ಕತ್ತರಿಸಿ ತೋರಿಸುವಾಗ ಇಡಿಯ ಹೆಣ್ಣು ಕಣ್ಣಿಗೆ ಬೀಳುವುದಿಲ್ಲ. ಅನೌಚಿತ್ಯವೇ ರಸಭಂಗದ ಮೂಲವೆಂದ ಆನಂದವರ್ಧನನ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿದ ಗಿರೀಶ ಕಾಸರವಳ್ಳಿಯವರು ಅದೇ ನೆಲದ ಅನಂತಮೂರ್ತಿಯವರ ಕಥೆಯನ್ನಾಧರಿಸಿ ‘ಘಟಶ್ರಾದ್ಧ’ (1977) ಚಿತ್ರವನ್ನು ನಿರ್ದೇಶಿಸಿದರು. ಬಸಿರಾದ ಬಾಲವಿಧವೆ ಯಮುನೆಯ ಕಥೆಯದು, ವಸ್ತುವಿನಲ್ಲಿ ಕಾಮವಿದೆ. ಆದರೆ ಅವಳನ್ನು ನಾವು ಕಾಣುವುದು ನಾಣಿಯೆಂಬ ಹುಡುಗನ ಕಣ್ಣುಗಳಿಂದ. ಆದುದರಿಂದ ಪ್ರೇಕ್ಷಕನಲ್ಲಿ ಹುಟ್ಟುವುದು ಚಪಲವಲ್ಲ, ಕರುಣೆ. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು.

ನೋಟವನ್ನು ಕಲಿಸಬಹುದೆಂಬುದಕ್ಕೂ ಈ ಸೀಮೆಯಲ್ಲಿಯೇ ಸಾಕ್ಷ್ಯವಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು; 1977ರಲ್ಲಿ ಹಳ್ಳಿಯ ಜನರಿಗಾಗಿ ಜಗತ್ತಿನ ಶ್ರೇಷ್ಠ ಚಿತ್ರಗಳ ಉತ್ಸವವನ್ನೇ ನಡೆಸಿತು. ಜನರು ಅಗ್ಗದ್ದನ್ನೇ ಬಯಸುತ್ತಾರೆಂಬ ಚಿತ್ರೋದ್ಯಮದ ಸಮಾಧಾನಕ್ಕೆ ಅದೊಂದು ಉತ್ತರ.

ಹಾಗಾಗಿ ಅಧ್ಯಾಪಕರು ಹಾಡನ್ನು ನಿಷೇಧಿಸಿ ಕೈತೊಳೆದುಕೊಂಡರೆ ಸಾಲದು. ಮಕ್ಕಳೊಡನೆ ಕುಳಿತು ಎರಡು ಪ್ರಶ್ನೆಗಳನ್ನು ಕೇಳಲಿ: ಈ ಹಾಡು ಕಥೆಯಲ್ಲಿ ಏಕೆ ಬಂದಿದೆ? ಕುಣಿಯುವವಳನ್ನು ಇಲ್ಲಿ ಯಾರು, ಹೇಗೆ ನೋಡುತ್ತಿದ್ದಾರೆ? ಮಕ್ಕಳು ಉತ್ತರವನ್ನು ತಾವೇ ಹುಡುಕಿಕೊಂಡಾರು.